ಓಟದ ಗೆರೆಯ ಮೇಲೆ ಕುಳಿತ ಹುಡುಗರು



ಕಳೆದ ವಾರ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಈಗ ಅವನಿಗೂ ತಲೆ ನರೆತಿದೆ. ಮಗಳು ಮೈಸೂರಿನಲ್ಲಿ ಪದವಿ ಓದುತ್ತಿದ್ದಾಳೆ. ಕಾಫಿ ಕುಡಿದು, ಮಳೆ ಬೆಳೆಯ ಮಾತೆಲ್ಲ ಮುಗಿದು, ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು, "ಸಾ, ಅವತ್ತು ನಾವು ಆಟ ನಿಲ್ಸಿದ್ದು ತಪ್ಪಾ? ನೀವು ಯಾವತ್ತೂ ಹೇಳ್ಲೇ ಇಲ್ಲ" ಎಂದು ಕೇಳಿದ. ಮಗಳ ಗೆಳತಿಯರು ಹಾಸ್ಟೆಲ್ಲಿನ ತೊಂದರೆಗಾಗಿ ಅಂತರ ಕಾಲೇಜು ಪಂದ್ಯದ ದಿನ ಮೈದಾನದಲ್ಲಿ ಕೂರಬೇಕೆಂದಿದ್ದಾರಂತೆ. ಕೂರು ಎನ್ನಲೂ ಬೇಡ ಎನ್ನಲೂ ಅವನಿಗೆ ಬಾಯಿ ಬರುತ್ತಿಲ್ಲವಂತೆ. ಅವನಿಗೆ ಅಂದು ಸಮರ್ಪಕ ಉತ್ತರ ಕೊಡಲಾಗಲಿಲ್ಲ. ಅದನ್ನೇ ಇಲ್ಲಿ ಬರೆಯಲು ಕುಳಿತಿದ್ದೇನೆ.

ಅವನು ನೆನಪಿಸಿದ್ದು ಮೂವತ್ತೈದು ವರ್ಷಕ್ಕೂ ಹಿಂದಿನ ಘಟನೆ. ನಾನಾಗ ಬದನವಾಳಿನ ಆಸುಪಾಸಿನ ಪ್ರೌಢಶಾಲೆಯೊಂದರಲ್ಲಿ ಚರಿತ್ರೆಯ ಅಧ್ಯಾಪಕ. ನಮ್ಮ ಬಯಲಿನಲ್ಲಿ ಸುತ್ತಲ ಶಾಲೆಗಳ ಕ್ರೀಡಾಕೂಟ ನಡೆದಿತ್ತು. ಹೆಣ್ಣುಮಕ್ಕಳ ರಿಲೇ ಓಟಕ್ಕೆ ಶಿಳ್ಳೆ ಊದಬೇಕು, ಅಷ್ಟರಲ್ಲಿ ಹಾಸ್ಟೆಲ್ಲಿನ ಹನ್ನೊಂದು ಹುಡುಗರು ಬಂದು ಸುಣ್ಣದ ಗೆರೆಗಳ ಮೇಲೆ ಸಾಲಾಗಿ ಕುಳಿತುಬಿಟ್ಟರು. ಹಾಸ್ಟೆಲ್ಲಿನಲ್ಲಿ ಒಂದು ತಿಂಗಳಿನಿಂದ ನೀರಿರಲಿಲ್ಲ. ಮಕ್ಕಳು ಮುಂಜಾನೆ ಎದ್ದು ದೂರದ ತೋಟದ ಬಾವಿಯಿಂದ ಕೊಡಗಳಲ್ಲಿ ಹೊತ್ತು ತರುತ್ತಿದ್ದರು. ಮುಖ್ಯ ಅತಿಥಿಗಳ ಎದುರಿಗೆ ಹೇಳಿದರಾದರೂ ಯಾರಾದರೂ ಕೇಳಿಯಾರು ಎಂಬುದು ಅವರ ಎಣಿಕೆ. ನಾನೇ ಹೋಗಿ ಇಬ್ಬರನ್ನು ರಟ್ಟೆ ಹಿಡಿದು ಎಬ್ಬಿಸಿದೆ. ಗಲಾಟೆ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತು; ರಿಲೇ ನಡೆಯಲೇ ಇಲ್ಲ.

ಕ್ರೀಡಾಂಗಣದಲ್ಲಿ ಪ್ರತಿಭಟನೆ ನಡೆಸುವುದು ಇಂದು ನಿನ್ನೆಯ ಮಾತಲ್ಲ. 1913ರ ಜೂನ್ 4ರಂದು ಇಂಗ್ಲೆಂಡಿನ ಎಪ್ಸಮ್ ಡರ್ಬಿ ಕುದುರೆ ಓಟದಲ್ಲಿ, ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡುತ್ತಿದ್ದ ಎಮಿಲಿ ಡೇವಿಸನ್ ಓಡುವ ಕುದುರೆಗಳ ನಡುವೆ ನುಗ್ಗಿದಳು. ನಾಲ್ಕು ದಿನಗಳ ಬಳಿಕ ಪ್ರಾಣಬಿಟ್ಟಳು. ಕುದುರೆಯ ಸವಾರನೂ ಬಿದ್ದು ಗಾಯಗೊಂಡ. ಅಂದು ಹಲವರು ಆಕೆಯನ್ನು ಹುಚ್ಚಿ ಎಂದರು. 1918ರಲ್ಲಿ ಅಲ್ಲಿಯ ಸ್ತ್ರೀಯರಲ್ಲಿ ಒಂದು ಭಾಗಕ್ಕೆ, 1928ರಲ್ಲಿ ಪುರುಷರಿಗೆ ಸಮನಾಗಿ, ಮತದಾನದ ಹಕ್ಕು ದೊರೆಯಿತು.

ವಿದ್ಯಾರ್ಥಿಗಳ ಮಾತಿಗೆ ಬಂದರೆ ದಕ್ಷಿಣ ಆಫ್ರಿಕದ ಪ್ರಸಂಗವೇ ದೊಡ್ಡದು. ಆ ದೇಶದ ರಗ್ಬಿ ತಂಡ 1969-70ರಲ್ಲಿ ಬ್ರಿಟನ್ನಿಗೆ ಬಂದಾಗ ಅದರ ಪಂದ್ಯಗಳ ಜಾಗಕ್ಕೆಲ್ಲ ವಿದ್ಯಾರ್ಥಿಗಳು ನುಗ್ಗಿದರು. ಮುಂದಾಳುಗಳಲ್ಲಿ ಒಬ್ಬನಾದ ಪೀಟರ್ ಹೇಯ್ನ್‌ಗೆ ಆಗಿನ್ನೂ ಹತ್ತೊಂಬತ್ತರ ವಯಸ್ಸು. ಬಿಳಿಯರನ್ನಷ್ಟೇ ಆರಿಸಿ ಕಳುಹಿಸುವ ತಂಡದೊಂದಿಗೆ ಆಡುವುದೆಂದರೆ ವರ್ಣಭೇದಕ್ಕೆ ಕೈಮುಗಿದಂತೆ ಎಂಬುದು ಅವರ ವಾದ. 1970ರ ಬೇಸಗೆಯಲ್ಲಿ ನಡೆಯಬೇಕಿದ್ದ ಕ್ರಿಕೆಟ್ ಪ್ರವಾಸ ರದ್ದಾಯಿತು. 1981ರ ಜುಲೈ 25ರಂದು ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಲ್ಲಿ ನೂರಾರು ಜನ ಬೇಲಿ ಕಿತ್ತು ಮೈದಾನದ ನಡುವೆ ನಿಂತರು. ಪಂದ್ಯ ನಿಂತಿತು, ಪ್ರೇಕ್ಷಕರು ಅವರನ್ನು ಹೊಡೆದೂ ಹೊಡೆದರು. ನಮ್ಮ ದೇಶವೂ 1974ರ ಡೇವಿಸ್ ಕಪ್ ಅಂತಿಮ ಪಂದ್ಯವನ್ನು ದಕ್ಷಿಣ ಆಫ್ರಿಕದೊಂದಿಗೆ ಆಡದೆ ಬಿಟ್ಟುಕೊಟ್ಟಿತು. ಕೊನೆಗೆ 1991ರ ನವೆಂಬರಿನಲ್ಲಿ ಆ ದೇಶದ ಕ್ರಿಕೆಟ್ ತಂಡ ಅಂತಾರಾಷ್ಟ್ರೀಯ ಕ್ರಿಕೆಟ್ಟಿಗೆ ಮರಳಿ ಮೊದಲ ಪಂದ್ಯವಾಡಿದ್ದು ನಮ್ಮ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ. ಆಟವನ್ನು ಕೆಡಿಸಿದವರೆಂದು ಬೈಗುಳ ತಿಂದವರೇ, ಆಟದ ಬಾಗಿಲು ಎಲ್ಲರಿಗೂ ತೆರೆಯುವುದಕ್ಕೆ ನೆರವಾದರು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. 2018ರ ಏಪ್ರಿಲ್ 10ರಂದು ಚೆನ್ನೈಯ ಚೆಪಾಕ್ ಮೈದಾನದಲ್ಲಿ, ಕಾವೇರಿ ನಿರ್ವಹಣಾ ಮಂಡಳಿ ರಚಿಸಬೇಕೆಂದು ಒತ್ತಾಯಿಸುವವರು ಐಪಿಎಲ್ ಪಂದ್ಯದ ನಡುವೆ ಆಟಗಾರರತ್ತ ಬೂಟು ಎಸೆದರು. ಚೆನ್ನೈ ತಂಡದ ಮುಂದಿನ ತವರು ಪಂದ್ಯಗಳು ಪುಣೆಗೆ ಹೋದವು. ಕಬಿನಿಯ ನೀರು ಕುಡಿದು ತಿರುಮಕೂಡಲಿನಲ್ಲಿ ಮುಳುಗು ಹಾಕುವ ನಮಗೆ ಆ ಬೇಡಿಕೆ ಒಪ್ಪಿತವಾಗದಿರಬಹುದು. ಅದು ಬೇರೆ ಮಾತು. ನಮ್ಮ ಪಾಲಿನ ನೀರಿಗಾಗಿ ನಮ್ಮ ಹುಡುಗರು ಹಾಗೆಯೇ ಎಸೆದಿದ್ದರೆ ಸರಿ ಎನ್ನುತ್ತಿದ್ದೆವೇ? ನದಿಗೂ ಆ ಆಟಗಾರನಿಗೂ ಏನು ಸಂಬಂಧ? 2008ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಒಲಿಂಪಿಕ್ ಜ್ಯೋತಿಯ ಓಟಕ್ಕೆ ಟಿಬೆಟ್ ಪರ ಪ್ರತಿಭಟನಕಾರರು ಅಡ್ಡಬಂದರು. ನಮ್ಮ ಜಿಲ್ಲೆಯ ಬೈಲಕುಪ್ಪೆಯ ಟಿಬೆಟನ್ನರನ್ನು ಬಲ್ಲ ನನಗೆ ಅವರ ನೋವು ಅರ್ಥವಾಗುತ್ತದೆ. ಆದರೆ ಅಂದು ಗಾಲಿಕುರ್ಚಿಯಲ್ಲಿ ಕುಳಿತು ಜ್ಯೋತಿ ಹಿಡಿದಿದ್ದ ಜಿನ್ ಜಿಂಗ್ ಎಂಬ ಚೀನೀ ತರುಣಿಯ ಕೈಯಿಂದ ಅದನ್ನು ಕಸಿಯಲು ಯತ್ನಿಸಿದವನು ತನ್ನ ಕಾರ್ಯಕ್ಕೇ ಕೇಡು ಮಾಡಿದ. ಆಕೆ ಜ್ಯೋತಿಯನ್ನು ಎದೆಗೆ ಅವಚಿಕೊಂಡ ಚಿತ್ರವೇ ಚೀನೀಯರ ಮನದಲ್ಲಿ ಉಳಿಯಿತು.

ವಿದ್ಯಾರ್ಥಿಗಳು ಸಿಟ್ಟಾದ ಮಾತ್ರಕ್ಕೆ ಸಿಟ್ಟು ನ್ಯಾಯವಾಗುವುದೂ ಇಲ್ಲ. ಮೈಸೂರಿನ ರಾಮಸ್ವಾಮಿ ವೃತ್ತದ ಹೆಸರು, 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯದು. ಅದೇ ಮೈಸೂರಿನಲ್ಲಿ 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ 'ಬೂಸಾ' ಎಂಬ ಮಾತಿಗೆ ವಿದ್ಯಾರ್ಥಿಗಳು ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಎರಡೂ ವಿದ್ಯಾರ್ಥಿ ಚಳವಳಿಗಳೇ. ಒಂದು ಅಧಿಕಾರದಲ್ಲಿದ್ದವರನ್ನು ಎದುರಿಸಿತು. ಇನ್ನೊಂದರ ಪೆಟ್ಟು ತಮಗಿಂತ ದುರ್ಬಲರ ಮೇಲೆ ಬಿತ್ತು.

ಹಾಗಾದರೆ ಒರೆಗಲ್ಲು ಯಾವುದು? ಬದನವಾಳಿನವರಾದ ನಾವು ಅದಕ್ಕಾಗಿ ದೂರ ಹೋಗಬೇಕಿಲ್ಲ. ನಮ್ಮೂರಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಮೂರು ವರ್ಷಗಳ ಬಳಿಕ ದಂಡಿಗೆ ಹೊರಡುವ ಮುನ್ನ, 1930ರ ಮಾರ್ಚ್ 2ರಂದು ಅವರು ವೈಸರಾಯ್ ಇರ್ವಿನ್ನರಿಗೆ ಪತ್ರ ಬರೆದು, ತಾವು ಮುರಿಯಲಿರುವ ಕಾನೂನನ್ನು ಮುಂಚಿತವಾಗಿಯೇ ತಿಳಿಸಿದರು. ಹೊರಟಿದ್ದು 12ರಂದು. ಮೊದಲು ಕೇಳು; ಕೇಳದಿದ್ದರೆ ಮುಂದೇನು ಮಾಡುತ್ತೇನೆಂದು ಹೇಳು; ಬಳಿಕ ಬಹಿರಂಗವಾಗಿ ಮಾಡು; ಪೆಟ್ಟು ಬಂದರೆ ನೀನು ತಿನ್ನು, ಇನ್ನೊಬ್ಬರಿಗೆ ಕೊಡಬೇಡ. ನನಗೆ ಅರ್ಥವಾದ ಕ್ರಮ ಇದು. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದ್ದೂ ಇದೇ ಬದನವಾಳಿನಲ್ಲಿ.

ಆಟಕ್ಕೆ ಸಂಬಂಧಿಸಿ ಇನ್ನೊಂದು ಮಾತು ಸೇರಿಸುತ್ತೇನೆ. ಅನ್ಯಾಯ ಆಟದೊಳಗೇ ಇದ್ದರೆ ಆಟವನ್ನು ನಿಲ್ಲಿಸುವುದಕ್ಕೆ ನೇರ ಕಾರಣವಿದೆ. ಬಿಳಿಯರ ತಂಡದ ಪ್ರಸಂಗ ಅಂಥದ್ದು. ಧಾರವಾಡದಲ್ಲಿ ಹುಟ್ಟಿದ ಪಾಲವಂಕರ್ ಬಾಳೂ ಅವರ ಮನೆಯವರದೂ ಅಂಥದ್ದೇ. ಅಸ್ಪೃಶ್ಯರೆನಿಸಿಕೊಂಡ ಕುಲದ ಆ ಸೋದರರಿಗೆ ಮುಂಬಯಿಯ ಹಿಂದೂ ತಂಡದ ನಾಯಕತ್ವ ಸಿಗದಾದಾಗ, 1920ರಲ್ಲಿ ಬಾಳೂ ಅವರ ತಮ್ಮಂದಿರು ತಂಡದಿಂದ ಹಿಂದೆ ಸರಿದರು. 1923ರಲ್ಲಿ ತಮ್ಮ ವಿಠ್ಠಲ ಅದೇ ತಂಡದ ನಾಯಕರಾದರು. ಅನ್ಯಾಯ ಬೇರೆಡೆ ಇದ್ದು, ಆಟದ ಮೈದಾನ ಕೇವಲ ಜನ ಸೇರುವ ಜಾಗವಾಗಿದ್ದರೆ, ಪ್ರತಿಭಟಿಸುವವರ ಹೊಣೆ ಇಮ್ಮಡಿಯಾಗುತ್ತದೆ. ಏಕೆಂದರೆ ನಷ್ಟ ಅನುಭವಿಸುವವರು ತಪ್ಪು ಮಾಡಿದವರಲ್ಲ. 2019ರಲ್ಲಿ ಅಮೆರಿಕದ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳು ಎರಡು ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದ ವಿರಾಮದಲ್ಲಿ ಹವಾಮಾನದ ಪ್ರಶ್ನೆಗಾಗಿ ಮೈದಾನದಲ್ಲಿ ಕುಳಿತರು. ಆಟ ತಡವಾಯಿತು, ಹಲವರ ಬಂಧನವಾಯಿತು, ಆದರೆ ಪಂದ್ಯ ಅಂದೇ ಮುಗಿಯಿತು. ನಷ್ಟಕ್ಕೆ ಒಂದು ಮಿತಿಯಿತ್ತು.

ಈಗ ನಮ್ಮ ಹನ್ನೊಂದು ಹುಡುಗರತ್ತ ಬರುತ್ತೇನೆ. ಅವರು ಕಲ್ಲು ಎಸೆಯಲಿಲ್ಲ, ಯಾರನ್ನೂ ಬೈಯಲಿಲ್ಲ. ಆದರೆ ಅವರಿಂದಾಗಿ ಪಕ್ಕದ ಊರಿನ ಹೆಣ್ಣುಮಗಳೊಬ್ಬಳ ಓಟ ತಪ್ಪಿತು. ಅವಳು ಬರಿಗಾಲಿನಲ್ಲಿ ವರ್ಷವಿಡೀ ಅಭ್ಯಾಸ ಮಾಡಿದ್ದಳು. ಮರುವರ್ಷ ಶಾಲೆ ಬಿಟ್ಟಳೆಂದು ತಿಳಿಯಿತು. ಅವಳ ಮನೆಯಲ್ಲೂ ನೀರಿಗೆ ಕೊಡ ಹೊರುತ್ತಿದ್ದವಳು ಅವಳೇ. ಇದನ್ನು ನಾನು ಶಿಷ್ಯನಿಗೆ ಹೇಳಲೇಬೇಕು.

ಹಾಗೆಯೇ ಇಷ್ಟು ವರ್ಷ ಹೇಳದ ಇನ್ನೊಂದನ್ನೂ ಹೇಳಬೇಕು. ಆ ಹುಡುಗರು ಮೊದಲು ಅರ್ಜಿ ಬರೆದಿದ್ದರು. ಹನ್ನೊಂದು ಸಹಿಗಳ ಆ ಕಾಗದವನ್ನು ಮೂರು ವಾರ ಮೊದಲೇ ತಂದು ನನ್ನ ಕೈಗೆ ಕೊಟ್ಟಿದ್ದರು. ಕ್ರೀಡಾಕೂಟ ಮುಗಿಯಲಿ, ನೋಡೋಣ ಎಂದು ನಾನು ಅದನ್ನು ಹಾಜರಿ ಪುಸ್ತಕದೊಳಗೆ ಮಡಿಸಿಟ್ಟೆ, ಮೇಲಿನವರಿಗೆ ಕಳುಹಿಸಲಿಲ್ಲ. ಅವರು ಕ್ರಮ ತಪ್ಪಿರಲಿಲ್ಲ. ತಪ್ಪಿದವನು ನಾನು. ಅಂದು ಅವರ ರಟ್ಟೆ ಹಿಡಿದ ಕೈಯೇ ಆ ಕಾಗದವನ್ನು ಮಡಿಸಿದ್ದು.

ಆದ್ದರಿಂದ, ಮಗು, ನಿನ್ನ ಮಗಳಿಗೆ ಹೀಗೆ ಹೇಳು. ಮೊದಲು ಬರವಣಿಗೆಯಲ್ಲಿ ಕೇಳಲಿ, ದಿನ ಗೊತ್ತುಮಾಡಿ ಉತ್ತರ ಬೇಡಲಿ. ಉತ್ತರ ಬಾರದಿದ್ದರೆ ಆಡುವ ಹುಡುಗಿಯರ ಬಳಿ ತಾವೇ ಹೋಗಿ ವಿಷಯ ತಿಳಿಸಲಿ. ಅವರೂ ಜೊತೆಗೆ ಕೂರಬಹುದು, ಯಾರು ಬಲ್ಲರು? ಕೂರುವುದಾದರೆ ವಿರಾಮದಲ್ಲಿ ಕೂರಲಿ, ಪಂದ್ಯ ಮುಗಿಯುವಷ್ಟು ಹೊತ್ತು ಉಳಿಸಲಿ. ನೀವು ಕೂತದ್ದರಲ್ಲಿ ಒಂದು ಪಾಲು ತಪ್ಪಿತ್ತು; ಓಟ ಕಳೆದುಕೊಂಡ ಆ ಹುಡುಗಿಯನ್ನು ನೀವು ನೆನೆಯಲಿಲ್ಲ. ಉಳಿದ ಪಾಲು ನಿನ್ನ ಮೇಷ್ಟ್ರದು.

ಅಂದಹಾಗೆ, ಕ್ರೀಡಾಕೂಟವಾದ ನಾಲ್ಕನೆಯ ದಿನ ಹಾಸ್ಟೆಲ್ಲಿಗೆ ನೀರು ಬಂತು. ಅದು ನನ್ನಿಂದ ಬಂದದ್ದಲ್ಲ.