ಎರಡು ಬಾಗಿಲಿನಿಂದ ನಾಲ್ಕು ಬಾಗಿಲಿಗೆ

ಬಂಡ್ರಿ, ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಓಡಾಡುವ ಕಾರಿಗೆ ಕಂಪನಿಯ ಬಣ್ಣ ಹೆಸರಿಗಷ್ಟೇ. ಮೇಲೆ ಕೂರುವುದು ಅದಿರಿನ ಕೆಂಪು ಧೂಳು. ಇಲ್ಲಿನ ಗುಡ್ಡಗಳೆಂದರೆ ಕಬ್ಬಿಣ. ಹಾಗಿದ್ದೂ ಇದೇ ರಾಜ್ಯದ ರಾಜಧಾನಿಯಲ್ಲಿ ಹುಟ್ಟಿ ಬೆಳೆದ ಕಾರುಗಳು ಉಕ್ಕಿನ ತಗಡಿನ ಮೈ ಹೊತ್ತಿರಲಿಲ್ಲ. ಅದಕ್ಕೆ ಕಾರಣ ಕಾಸು.

ಒಂದು ಮಾದರಿ ಕಾರನ್ನು ಕೈಯಲ್ಲೇ ತಟ್ಟಿ ನಿಲ್ಲಿಸಬಹುದು. ಅದೇ ಕಾರು ಸಾವಿರಗಟ್ಟಲೆ ಹೊರಬರಬೇಕೆಂದರೆ ತಗಡನ್ನು ಒತ್ತಿ ಬಾಗಿಲು, ಬಾನೆಟ್ ಮಾಡುವ ಡೈಗಳು, ಭಾರಿ ಪ್ರೆಸ್‌ಗಳು ಬೇಕು. ಆ ಹಣ ಹುಟ್ಟುವುದು ಕಾರು ರಾಶಿರಾಶಿಯಾಗಿ ಮಾರಿದಾಗ ಮಾತ್ರ. ಫೈಬರ್‌ಗ್ಲಾಸಿಗೆ ಆ ತಾಪತ್ರಯವಿಲ್ಲ: ಅಚ್ಚಿಗೆ ಗಾಜಿನ ನಾರಿನ ಹಾಸು ಹಾಸಿ, ರಾಳ ಬಳಿದು, ಗುಳ್ಳೆ ನಿಲ್ಲದಂತೆ ರೋಲರ್ ಉಜ್ಜಿ, ಒಣಗಿದ ಮೇಲೆ ಬಿಡಿಸಿಕೊಂಡರೆ ಮೈ ಸಿದ್ಧ. ನಿಧಾನದ ಕೆಲಸವೇನೋ ಹೌದು, ಆದರೆ ಬಂಡವಾಳ ಕಡಿಮೆ.

1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಕಂಪನಿ ಹಿಡಿದದ್ದು ಈ ದಾರಿಯನ್ನೇ. ಅದರ 'ಬಾದಲ್' ಮೂರು ಚಕ್ರದ ಫೈಬರ್ ಕಾರು, ಎಂಜಿನ್ ಹಿಂದೆ. ಆಟೋರಿಕ್ಷಾಕ್ಕೆ ಮೇಲು, ಕಾರಿಗೆ ಕೀಳು ಎನ್ನುವಂಥದ್ದು. ಸಿಪಾನಿ ಹೆಸರಿನಲ್ಲಿ ಮುಂದುವರಿದ ಅದೇ ಕಂಪನಿ 1980ರ ದಶಕದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು 'ಡಾಲ್ಫಿನ್' ಎಂದು ಇಲ್ಲಿ ಮಾಡಿತು. 848 ಸಿಸಿ ಎಂಜಿನ್, ಎರಡೇ ಬಾಗಿಲು. ಮೈ ಹಗುರವಾದ್ದರಿಂದ ರ‍್ಯಾಲಿ ಓಟಗಾರರಿಗೆ ಅಚ್ಚುಮೆಚ್ಚಾಯಿತು. ಆದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮದುವೆಗೆ ಹೊರಟವನಿಗೆ ರ‍್ಯಾಲಿಯ ಕಪ್ಪು ಏನು ಮಾಡಲಿಕ್ಕೆ? 1983ರ ಡಿಸೆಂಬರಿನಲ್ಲಿ ಉಕ್ಕಿನ ಮೈಯ, ನಾಲ್ಕು ಬಾಗಿಲ ಮಾರುತಿ 800 ಬಂದು ಡಾಲ್ಫಿನ್ನಿನ ಗಿರಾಕಿಯನ್ನು ಸೆಳೆದುಕೊಂಡಿತು. ಸಿಪಾನಿ ಬಾಗಿಲು ಹೆಚ್ಚಿಸಿ 'ಮೊಂಟಾನಾ' ತಂದಿತು. ಹೊತ್ತು ಮೀರಿತ್ತು.

ಎರಡನೆಯ ಸಲದ ಪ್ರಯತ್ನ ಶುರುವಾದದ್ದು ಇನ್ನೂ ವಿಚಿತ್ರವಾದ ಗಾಡಿಯಿಂದ. 1990ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ಸನ್‌ರನ್ನರ್' ಎಂಬ ಸೌರ ಕಾರು ಕಟ್ಟಿ ಫ್ಲಾರಿಡಾದಿಂದ ಮಿಷಿಗನ್‌ವರೆಗಿನ ಓಟ ಗೆದ್ದರು. ಆಸ್ಟ್ರೇಲಿಯಾದ ಪಂದ್ಯದಲ್ಲಿ ಮೂರನೆಯವರಾದರು. ಆ ತಂಡದಲ್ಲಿ ಬೆಂಗಳೂರಿನ ಚೇತನ್ ಮೈನಿ ಇದ್ದರು. ಒಬ್ಬನೇ ಕೂರುವ, ಬಿಸಿಲಿಗೆ ಮೈಯೊಡ್ಡಿದ ಆ ಗಾಡಿಯಲ್ಲಿ ತರಕಾರಿ ಚೀಲಕ್ಕೂ ಜಾಗವಿರಲಿಲ್ಲ.

1994ರಲ್ಲಿ ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸೇರಿ ಆರಂಭಿಸಿದ ವಿದ್ಯುತ್ ಕಾರಿನ ಕೆಲಸ 2001ರಲ್ಲಿ ಬೆಂಗಳೂರಿನ ರಸ್ತೆಗಿಳಿಯಿತು. ಅದೇ ರೇವಾ: ಉದ್ದ ಸುಮಾರು 2.6 ಮೀಟರ್, ಉಕ್ಕಿನ ಚೌಕಟ್ಟಿನ ಮೇಲೆ ಎಬಿಎಸ್ ಪ್ಲಾಸ್ಟಿಕ್ ಹೊದಿಕೆ, ಸೀಸದ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಮುಂದೆ ಇಬ್ಬರು ಆರಾಮಾಗಿ ಕೂರಬಹುದು. ಹಿಂದಿನ ಸೀಟು ಮಕ್ಕಳಿಗಷ್ಟೇ. ಲಂಡನ್ನಿನಲ್ಲಿ ಇದಕ್ಕೆ 'ಜಿ-ವಿಜ್' ಎಂಬ ಹೆಸರು ಬಿತ್ತು; ನಗರದ ದಟ್ಟಣೆ ಶುಲ್ಕದಿಂದ ವಿನಾಯಿತಿ ಸಿಕ್ಕಿದ್ದೇ ಅಲ್ಲಿ ಅದರ ದೊಡ್ಡ ಆಕರ್ಷಣೆ. ಆದರೆ ಬ್ರಿಟನ್ನಿನಲ್ಲಿ ಅದು ಲೆಕ್ಕಕ್ಕೆ ಕಾರೇ ಅಲ್ಲ, ಕ್ವಾಡ್ರಿಸೈಕಲ್. 2007ರ ಡಿಕ್ಕಿ ಪರೀಕ್ಷೆಯೊಂದರಲ್ಲಿ ಸುರಕ್ಷತೆಯ ಬಗ್ಗೆ ಕಟು ಟೀಕೆ ಬಂತು. ಆಮೇಲೆ ಬಂದ ರೇವಾ-ಐನಲ್ಲಿ ರಕ್ಷಣೆ ಬಲಗೊಂಡಿತು.

2009ರ ಫ್ರಾಂಕ್‌ಫರ್ಟ್ ಮೇಳದಲ್ಲಿ ಎನ್‌ಎಕ್ಸ್‌ಆರ್ ಎಂಬ ಮಾದರಿ ಕಾಣಿಸಿಕೊಂಡಿತು. ಮರುವರ್ಷ ಕಂಪನಿಯ ಬಹುಪಾಲು ಮಹೀಂದ್ರಾದ ಕೈಗೆ ಬಂತು. ಬೊಮ್ಮಸಂದ್ರದ ಹೊಸ ಕಾರ್ಖಾನೆಯಲ್ಲಿ ಆ ಮಾದರಿಯೇ 2013ರಲ್ಲಿ ಲಿಥಿಯಂ ಬ್ಯಾಟರಿಯ 'ಇ2ಓ' ಆಯಿತು. ಬ್ಯಾಟರಿ ಬದಲಾಯಿತು, ಕಾರು ಉದ್ದವಾಯಿತು, ಹಿಂದೆ ದೊಡ್ಡವರಿಗೂ ಜಾಗವಾಯಿತು. ಬಾಗಿಲು ಮಾತ್ರ ಎರಡೇ. ಹಿಂದಕ್ಕೆ ಹತ್ತುವ ಅಜ್ಜ-ಅಜ್ಜಿಯರು ಮುಂದಿನ ಸೀಟು ಬಾಗಿಸಿಕೊಂಡು ನುಸುಳಬೇಕಿತ್ತು. ಈ ಕೊರತೆ ನೀಗಲು 2016 ಬರಬೇಕಾಯಿತು. ಆ ವರ್ಷದ 'ಇ2ಓ ಪ್ಲಸ್'ಗೆ ನಾಲ್ಕು ಬಾಗಿಲು. ಆದರೆ ಮನೆಮಂದಿಗೆಂದು ಹಿಗ್ಗಿಸಿದ ಆ ಕಾರುಗಳಲ್ಲಿ ಅನೇಕವು ಓಡಿದ್ದು ಬೆಂಗಳೂರಿನ ಐಟಿ ನೌಕರರನ್ನು ಆಫೀಸಿಗೆ ಮುಟ್ಟಿಸುವ ಕ್ಯಾಬ್‌ಗಳಾಗಿ.