ಕಂಡಕ್ಟರನ ಮೆಟ್ಟಿಲು, ಡ್ರೈವರನ ಸೀಟು

2023ರ ಸೆಪ್ಟೆಂಬರ್ 15, ಶುಕ್ರವಾರ. ನಮ್ಮ ಅಂಧೇರಿ ಪೂರ್ವದ ಅಗರ್ಕರ್ ಚೌಕದಲ್ಲಿ ಒಂದು ಬಸ್ಸಿಗೆ ಮದುವೆ ದಿಬ್ಬಣದ ಹಾಗೆ ಅಲಂಕಾರ ಮಾಡಿದ್ದರು. ಮುಂಬಯಿಯ ಹಳೇ ಡೀಸೆಲ್ ಡಬಲ್ ಡೆಕ್ಕರ್ ಬಸ್ಸಿನ ಕೊನೆಯ ಓಡಾಟ ಅದು. 415 ನಂಬರ್, ಅಂಧೇರಿಯಿಂದ ಸೀಪ್ಜ್‌ಗೆ. 1937ರಲ್ಲಿ ಈ ಊರಿಗೆ ಬಂದ ಡಬಲ್ ಡೆಕ್ಕರಿನ ಆ ತಲೆಮಾರು ನಮ್ಮ ಅಂಧೇರಿಯಲ್ಲೇ ಮುಗಿಯಬೇಕೆಂದು ಬರೆದಿತ್ತು ನೋಡಿ. ಜನ ಮೊಬೈಲ್ ಎತ್ತಿ ಹಿಡಿದು ಫೋಟೋ ತೆಗೆಯುತ್ತಿದ್ದರು. ನಾನೂ ತೆಗೆದೆ.

ಆದರೆ ನಾನು ಅಲ್ಲಿಗೆ ಬಸ್ಸು ನೋಡಲು ಹೋದವನಲ್ಲ. ಅರ್ಧ ದಿನ ರಜೆ ಹಾಕಿ ಸೋನೋಗ್ರಫಿ ರಿಪೋರ್ಟ್ ತರಲು ಹೋಗಿದ್ದೆ. ಫ್ಯಾಟಿ ಲಿವರ್, ಗ್ರೇಡ್ 2 ಎಂದು ಅದರಲ್ಲಿ ಬರೆದಿತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, 'ಎಷ್ಟು ಕುಡೀತೀರಿ?' ಜೀವಮಾನದಲ್ಲಿ ಒಂದು ಹನಿ ಮುಟ್ಟದವನು ನಾನು. ಮನೆಗೆ ಬಂದರೆ ಹೆಂಡತಿಯೂ ಒಂದು ಕ್ಷಣ ಅದೇ ಅನುಮಾನದ ಕಣ್ಣಲ್ಲಿ ನೋಡಿದಳು! ಮೂವತ್ತು ವರ್ಷ ಬೇರೆಯವರ ಲೆಕ್ಕ ತಪಾಸಣೆ ಮಾಡಿದವನಿಗೆ ತನ್ನದೇ ಖಾತೆಯಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನಾನು ಬಿಕಾಂ ಓದಿದವನು, ಡಾಕ್ಟರಲ್ಲ. ಆದರೂ ಲೆಕ್ಕ ಎಲ್ಲಿ ತಪ್ಪಿತು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮತ್ತೆ ಒಂದು ಡಬಲ್ ಡೆಕ್ಕರಿನ ಕಥೆಯೇ.

ಅದು ಲಂಡನ್ನಿನದು. ಜೆರ್ರಿ ಮಾರಿಸ್ ಎಂಬ ವೈದ್ಯರು ಎರಡನೇ ಮಹಾಯುದ್ಧ ಮುಗಿದ ಮೇಲೆ ಹೃದಯಾಘಾತಗಳು ಏಕೆ ಹೆಚ್ಚುತ್ತಿವೆ ಎಂದು ಹುಡುಕುತ್ತಿದ್ದರು. ಸುಮಾರು 31,000 ಸಾರಿಗೆ ನೌಕರರ ದಾಖಲೆಗಳನ್ನು ನೋಡಿದರು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನ. ಆದರೆ ಡ್ರೈವರು ಇಡೀ ದಿನ ಕೂತಿರುತ್ತಾನೆ, ಕಂಡಕ್ಟರು ಟಿಕೆಟ್ ಕೊಡುತ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಹೃದಯಾಘಾತ ಕಂಡಕ್ಟರರಲ್ಲಿ ಡ್ರೈವರರಿಗಿಂತ ಸ್ಪಷ್ಟವಾಗಿ ಕಡಿಮೆಯಿತ್ತು. ಇದು 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾರಿಸ್ ಪ್ರಾಮಾಣಿಕ ಮನುಷ್ಯ. ದಪ್ಪಗಿರುವವರೇ ಡ್ರೈವರ್ ಕೆಲಸಕ್ಕೆ ಸೇರುತ್ತಿದ್ದರೋ ಏನೋ ಎಂದು ತಮ್ಮ ಮೇಲೇ ಅನುಮಾನಪಟ್ಟು, ಅವರಿಗೆ ಹೊಲಿಸಿಕೊಟ್ಟ ಯೂನಿಫಾರ್ಮಿನ ಸೊಂಟದ ಅಳತೆಗಳನ್ನು ತೆಗೆಸಿ ನೋಡಿದರು. ಡ್ರೈವರರ ಸೊಂಟ ನಿಜಕ್ಕೂ ದೊಡ್ಡದಿತ್ತು! ಆದ್ದರಿಂದ ಅಷ್ಟಕ್ಕೇ ನಿಲ್ಲಿಸದೆ ಕೂತು ಕೆಲಸ ಮಾಡುವ ಸರಕಾರಿ ನೌಕರರನ್ನೂ ಪರೀಕ್ಷಿಸಿದರು. ಬಿಡುವಿನಲ್ಲಿ ಚೆನ್ನಾಗಿ ಮೈ ದಂಡಿಸುವವರಿಗೆ ಅಪಾಯ ಕಡಿಮೆ ಎಂಬುದು 1973ರಲ್ಲಿ ಪ್ರಕಟವಾಯಿತು. ಮಾರಿಸ್ 2009ರಲ್ಲಿ ತೀರಿಕೊಂಡಾಗ ವಯಸ್ಸು 99.

ಇದನ್ನು ಓದುವಾಗ ನನಗೆ ಲಂಡನ್ ಕಾಣಲಿಲ್ಲ, ನಮ್ಮ ಉಡುಪಿ ಹೋಟೆಲುಗಳು ಕಂಡವು. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಿಂದ ಹಿಡಿದು ಅಂಧೇರಿಯ ಗಲ್ಲಿಯ ಹೋಟೆಲಿನವರೆಗೆ ಎಲ್ಲ ಕಡೆಯೂ ಇದೇ ಪ್ರಯೋಗ ನಡೆಯುತ್ತಲೇ ಇತ್ತು, ಬರೆದಿಡುವವರು ಇರಲಿಲ್ಲ ಅಷ್ಟೆ. ಊರಿಂದ ಓಡಿ ಬಂದ ಹುಡುಗ ಮೊದಲು ಟೇಬಲ್ ಒರೆಸುತ್ತಾನೆ, ಆಮೇಲೆ ಸಪ್ಲೈಯರ್. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದರವರೆಗೆ ಕಾಲ ಮೇಲೆ. ಬೆಟ್ಟದಷ್ಟು ಅನ್ನ ಉಣ್ಣುತ್ತಾನೆ, ಮೈಯಲ್ಲಿ ಒಂದು ತೊಲ ಕೊಬ್ಬಿಲ್ಲ. ಇಪ್ಪತ್ತು ವರ್ಷದ ಮೇಲೆ ಅದೇ ಹುಡುಗ ದೇವರ ದಯೆಯಿಂದ ಗಲ್ಲಾದಲ್ಲಿ ಕೂರುತ್ತಾನೆ. ಊಟ ಅದೇ, ಅನ್ನದ ರಾಶಿ ಅದೇ, ಜೊತೆಗೆ ಗಂಟೆಗೊಂದು ಚಾ. ಕಾಲು ಮಾತ್ರ ನಿಂತುಹೋಗಿದೆ. ಐವತ್ತಕ್ಕೆ ಶುಗರ್, ಬಿಪಿ. ನಮ್ಮವರ ಸಾಧನೆಯ ಕಥೆಯೆಂದರೆ ಒಂದು ರೀತಿಯಲ್ಲಿ ಕಂಡಕ್ಟರ್ ಡ್ರೈವರ್ ಆದ ಕಥೆಯೇ, ಅಲ್ವಾ?

ಬ್ಯಾಂಕಿನವರದೂ ಬೇರೆಯಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಶುರು ಮಾಡಿದ್ದು ಗೊತ್ತಲ್ಲ, ಅದು ನಿಂತದ್ದೇ ಮನೆಮನೆಗೆ ನಡೆಯುವ ಏಜೆಂಟರ ಕಾಲ ಮೇಲೆ. ನಾನು 1990ರಲ್ಲಿ ಈ ಊರಿಗೆ ಬಂದಾಗ ಚಕಾಲಾದ ಒಂದು ಖೋಲಿಯಲ್ಲಿ ಐದು ಜನ. ಬೆಳಿಗ್ಗೆ ನಲ್ಲಿಯಿಂದ ನೀರು ಹೊರುವುದು, ಬಸ್ಸು ಸಿಗದಿದ್ದರೆ ಸ್ಟೇಷನ್ನಿಗೆ ನಡೆಯುವುದು, ಲೋಕಲಿನಲ್ಲಿ ಚರ್ಚ್‌ಗೇಟ್ ತನಕ ನಿಂತುಕೊಂಡೇ ಹೋಗುವುದು, ಅಲ್ಲಿಂದ ಫೋರ್ಟಿಗೆ ಮತ್ತೆ ನಡಿಗೆ. ಬ್ಯಾಂಕಿನಲ್ಲಿ ಆನೆಗಾತ್ರದ ಲೆಡ್ಜರುಗಳನ್ನು ಒಂದು ಟೇಬಲಿನಿಂದ ಇನ್ನೊಂದಕ್ಕೆ ಎತ್ತಬೇಕಿತ್ತು. ಆಮೇಲೆ ಕಂಪ್ಯೂಟರು ಬಂತು, ಲೆಡ್ಜರು ಹೋಯಿತು. ಲಿಫ್ಟಿರುವ ಫ್ಲ್ಯಾಟು ಬಂತು, ನೀರಿನ ಕೊಡ ಹೋಯಿತು. 2014ರ ಜೂನ್ 8ರಂದು ಮೆಟ್ರೋ ಬಂತು, ಎಸ್ಕಲೇಟರು ಬಂತು, ಸ್ಟೇಷನ್ನಿನ ನಡಿಗೆಯೂ ಹೋಯಿತು. ಒಂದೊಂದೂ ಸುಖವೇ, ಇಲ್ಲವೆನ್ನಲಾರೆ. ಆ ನೂಕುನುಗ್ಗಲು, ಆ ನೀರಿನ ಜಗಳ ಮತ್ತೆ ಬೇಕೆಂದು ಹೇಳುವವನು ಮೂರ್ಖ. ಆದರೆ ತಟ್ಟೆ ಮಾತ್ರ ನಮ್ಮ ತಂದೆಯದೇ ಉಳಿಯಿತು. ಗದ್ದೆ ಉಳುವವನು ಗಂಜಿ ಉಂಡ ಲೆಕ್ಕದಲ್ಲಿ ನಾನು ಕೀಬೋರ್ಡ್ ಕುಟ್ಟಿ ಅನ್ನ ಉಂಡೆ. ಅದೂ ಕುಚ್ಚಲಕ್ಕಿಯಲ್ಲ, ಮಲ್ಲಿಗೆಯಂಥ ಬಿಳಿ ಅನ್ನ.

ಈಗ ಲಿವರಿನ ಲೆಕ್ಕಕ್ಕೆ ಬರೋಣ. ನಾವು ಉಂಡ ಅನ್ನ ಗ್ಲೂಕೋಸಾಗಿ ರಕ್ತಕ್ಕೆ ಬರುತ್ತದೆ. ಸ್ನಾಯುಗಳು ತಮಗೆ ಬೇಕಾದ್ದನ್ನು ತೆಗೆದುಕೊಳ್ಳುತ್ತವೆ. ಲಿವರು ಸುಮಾರು 100 ಗ್ರಾಮಿನಷ್ಟನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಇದು ಕರೆಂಟ್ ಅಕೌಂಟ್ ಇದ್ದ ಹಾಗೆ, ದಿನವೂ ಹಾಕಿ ತೆಗೆಯುವುದು. ನಡೆಯದೆ ಕೂತರೆ ಸ್ನಾಯುಗಳು ತೆಗೆಯುವುದನ್ನೇ ನಿಲ್ಲಿಸುತ್ತವೆ, ಕರೆಂಟ್ ಅಕೌಂಟ್ ತುಂಬಿಯೇ ಇರುತ್ತದೆ. ಆಗ ಹೆಚ್ಚಾದದ್ದನ್ನು ಲಿವರು ಕೊಬ್ಬಾಗಿ ಮಾಡುತ್ತದೆ, ಫಿಕ್ಸೆಡ್ ಡಿಪಾಸಿಟ್! ಹೊಟ್ಟೆಯ ಸುತ್ತಲಿನ ಕೊಬ್ಬೂ ಅಲ್ಲಿಗೇ ಬಂದು ಸೇರುತ್ತದೆ. ಲಿವರಿನಲ್ಲಿ ಕೊಬ್ಬು ಶೇಕಡಾ 5 ದಾಟಿದರೆ ಫ್ಯಾಟಿ ಲಿವರ್. ಕೊಬ್ಬು ತುಂಬಿದ ಲಿವರು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ, ಉಪವಾಸವಿದ್ದಾಗಲೂ ರಕ್ತಕ್ಕೆ ಗ್ಲೂಕೋಸು ಬಿಡುತ್ತಲೇ ಇರುತ್ತದೆ. ಶುಗರ್ ಮತ್ತು ಲಿವರ್ ಜೋಡಿಯಾಗಿ ಬರುವುದು ಇದಕ್ಕೇ. ಎಲ್ಲರಿಗೂ ಅಲ್ಲದಿದ್ದರೂ ಕೆಲವರಲ್ಲಿ ಇದು ಉರಿಯೂತವಾಗಿ, ಗಾಯದ ಕಲೆಯಾಗಿ, ಕೊನೆಗೆ ಸಿರೋಸಿಸ್ ಆಗುತ್ತದೆ. ನೋವಿಲ್ಲ, ಸದ್ದಿಲ್ಲ.

ಕುಡಿಯದವನಿಗೂ ಕುಡುಕನ ಲಿವರು ಬರುತ್ತದೆ ಎಂಬುದಕ್ಕೆ ಹೆಸರು ಕೊಟ್ಟದ್ದು 1980ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಯೂರ್ಗನ್ ಲುಡ್ವಿಗ್ ಮತ್ತು ಸಂಗಡಿಗರು 20 ರೋಗಿಗಳ ಲಿವರಿನ ಚೂರುಗಳನ್ನು ನೋಡಿ ಬರೆದ ಲೇಖನದಲ್ಲಿ. ಅದಕ್ಕೂ ಮೊದಲು 'ನಾನು ಕುಡಿಯುವುದಿಲ್ಲ' ಎಂದ ಎಷ್ಟು ಜನರನ್ನು ಡಾಕ್ಟರೂ ಹೆಂಡತಿಯೂ ನಂಬಲಿಲ್ಲವೋ! 2023ರಲ್ಲಿ ತಜ್ಞರು ಕಾಯಿಲೆಯ ಹೆಸರನ್ನೇ ಬದಲಿಸಿ 'ಮದ್ಯ' ಎಂಬ ಮಾತು ತೆಗೆದು ಚಯಾಪಚಯದ ಜೊತೆ ಜೋಡಿಸಿದರು. ನಮ್ಮ ಕೇಂದ್ರ ಸರಕಾರ 2021ರಲ್ಲೇ ಶುಗರ್, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಫ್ಯಾಟಿ ಲಿವರನ್ನೂ ಸೇರಿಸಿತ್ತು.

'ನಾನೇನು ಅಷ್ಟು ದಪ್ಪವಿಲ್ಲವಲ್ಲ' ಎನ್ನುವವರಿಗೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಉತ್ತರ ಕೊಟ್ಟಿದ್ದಾರೆ. 2004ರ 'ಲ್ಯಾನ್ಸೆಟ್'ನಲ್ಲಿ ಅವರೂ ಲಂಡನ್ನಿನ ಅವರ ಮಿತ್ರ ಜಾನ್ ಯುಡ್ಕಿನ್ನರೂ ಅಕ್ಕಪಕ್ಕ ನಿಂತ ಫೋಟೋ ಬಂತು. ಇಬ್ಬರ ಬಿಎಂಐ ಒಂದೇ, 22.3. ಆದರೆ ಮೈಯ ಕೊಬ್ಬು ಯುಡ್ಕಿನ್ನರಿಗೆ ಶೇಕಡಾ 9.1, ಯಾಜ್ಞಿಕರಿಗೆ 21.2! ನಮ್ಮವರು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೊತ್ತವರು. ಅದಕ್ಕೇ ನಮ್ಮಲ್ಲಿ ತೂಕಕ್ಕಿಂತ ಸೊಂಟದ ಪಟ್ಟಿ ನೋಡಬೇಕು, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ನನ್ನದು ಅಂದು 98.

ಸರಿ, ಈ ಸಾಲ ತೀರುತ್ತದೆಯೇ? ತೀರುತ್ತದೆ, ಇದೇ ಸಮಾಧಾನದ ಮಾತು. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಶುಗರಿನ ಅಂಚಿನಲ್ಲಿದ್ದ 531 ಜನರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಬಂತು. ಊಟ ತಿದ್ದಿ ದಿನಕ್ಕೆ ಅರ್ಧ ಗಂಟೆ ನಡೆದವರಲ್ಲಿ ಕಾಯಿಲೆಯ ಅಪಾಯ ಶೇಕಡಾ 28.5 ಕಡಿಮೆಯಾಯಿತು, ಮಾತ್ರೆ ಕೊಟ್ಟವರಲ್ಲಿ ಆದದ್ದಕ್ಕಿಂತ ಕಡಿಮೆಯೇನಲ್ಲ. ಲಿವರಿಗೂ ಅಷ್ಟೆ. ತೂಕ ಶೇಕಡಾ 5 ಇಳಿದರೆ ಕೊಬ್ಬು ಕರಗತೊಡಗುತ್ತದೆ, 7ರಿಂದ 10 ಇಳಿದರೆ ಉರಿಯೂತವೂ ಇಳಿಯುತ್ತದೆ. ತೂಕ ಇಳಿಯದಿದ್ದರೂ ವ್ಯಾಯಾಮ ಒಂದೇ ಲಿವರಿನ ಕೊಬ್ಬನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಊಟದ ವಿಷಯದಲ್ಲಿ ಐಸಿಎಂಆರ್ 2025ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆ ಹೇಳುವಂತೆ ಭಾರತೀಯರ ಶಕ್ತಿಯಲ್ಲಿ ಸುಮಾರು ಶೇಕಡಾ 62 ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥ ಪಿಷ್ಟದಿಂದ. ಅನ್ನ ಬಿಟ್ಟು ಚಪಾತಿ ಹಿಡಿದರೆ ಸಾಲದು, ರಾಶಿ ಕಡಿಮೆಯಾಗಿ ಬೇಳೆ, ಕಾಳು, ಮೀನು, ಮೊಸರು ಹೆಚ್ಚಬೇಕು.

ನನ್ನ ಮಟ್ಟಿಗೆ ಸಹಾಯ ಮಾಡಿದ್ದು ಒಂದು ಮುಚ್ಚಿದ ಸೇತುವೆ! ಅಂಧೇರಿಯ ಪೂರ್ವ ಪಶ್ಚಿಮಗಳನ್ನು ಜೋಡಿಸುವ ಗೋಖಲೆ ಸೇತುವೆಯ ಪಾದಚಾರಿ ಭಾಗ 2018ರ ಜುಲೈ 3ರಂದು ಕುಸಿದು ಬಿದ್ದದ್ದು ನಿಮಗೂ ನೆನಪಿರಬಹುದು. 2022ರ ನವೆಂಬರಿನಲ್ಲಿ ಸೇತುವೆಯನ್ನೇ ಪೂರ್ತಿ ಮುಚ್ಚಿದರು. ರಿಕ್ಷಾದಲ್ಲಿ ಕೂತರೆ ಮುಗಿಯದ ಟ್ರಾಫಿಕ್ಕು. ರಿಪೋರ್ಟ್ ಬಂದ ಮೇಲೆ ನಾನು ಸಂಜೆ ಸ್ಟೇಷನ್ನಿನ ಮೇಲುಸೇತುವೆಯ ಮೆಟ್ಟಿಲು ಹತ್ತಿ ಪಶ್ಚಿಮಕ್ಕೆ ನಡೆದು, ತರಕಾರಿ ಹಿಡಿದು ಮತ್ತೆ ಮೆಟ್ಟಿಲು ಹತ್ತಿ ಬರತೊಡಗಿದೆ. 2024ರ ಫೆಬ್ರವರಿಯಲ್ಲಿ ಸೇತುವೆಯ ಒಂದು ಭಾಗ ತೆರೆಯಿತು. ಅಷ್ಟರಲ್ಲಿ ಅಭ್ಯಾಸ ನಿಂತುಬಿಟ್ಟಿತ್ತು. ಅನ್ನ ಎರಡು ಸೌಟಿನಿಂದ ಒಂದಕ್ಕೆ, ಚಾದ ಸಕ್ಕರೆ ಶೂನ್ಯಕ್ಕೆ. ವರ್ಷದಲ್ಲಿ 78 ಕಿಲೋ ಇದ್ದವನು 72 ಆದೆ. ಗ್ರೇಡ್ 2 ಇದ್ದದ್ದು 1 ಆಗಿದೆ. ಸಾಲ ಪೂರ್ತಿ ತೀರಿಲ್ಲ, ಕಂತು ಕಟ್ಟುತ್ತಿದ್ದೇನೆ.

ಮೊನ್ನೆ ನಮ್ಮ ಗಲ್ಲಿಯ ಹೋಟೆಲಿನ ಯಜಮಾನರಿಗೆ ಈ ಕಂಡಕ್ಟರ್ ಡ್ರೈವರ್ ಕಥೆ ಹೇಳಿದೆ. ನಕ್ಕರು. ಆಮೇಲೆ ಗಲ್ಲಾದಿಂದ ಎದ್ದು, ತಾವೇ ನನ್ನ ಟೇಬಲಿಗೆ ಚಾ ತಂದಿಟ್ಟರು. ಸಕ್ಕರೆ ಹಾಕಿರಲಿಲ್ಲ.