ಕಾರಂಜಿಗೆ ನೀರು ಎಲ್ಲಿಂದ ಬಂತು?

ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯೋತ್ಸವ ಹತ್ತಿರ ಬಂತೆಂದರೆ ಬೆಂಗಳೂರಿನ ಲಾಲ್‌ಬಾಗಿನ ಬಾಗಿಲುಗಳಲ್ಲಿ ಸಾಲು ಬೆಳೆಯುತ್ತದೆ. ಗಾಜಿನಮನೆಯೊಳಗೆ ಗುಲಾಬಿ, ಸೇವಂತಿಗೆಗಳಿಂದ ಕಟ್ಟಿದ ಯಾವುದೋ ಒಂದು ದೊಡ್ಡ ಆಕೃತಿ; 2023ರ ಆಗಸ್ಟಿನಲ್ಲಿ ಅದು ವಿಧಾನಸೌಧವಾಗಿತ್ತು. ಹೂವಿನ ಮುಂದೆ ಜನ ಫೋಟೊ ತೆಗೆದುಕೊಂಡು ಮುಂದೆ ಸಾಗುತ್ತಾರೆ, ನೀರು ಚಿಮ್ಮುವ ಕಡೆ ಮಾತ್ರ ನಿಂತುಬಿಡುತ್ತಾರೆ. ಮಕ್ಕಳು ಕೈ ಚಾಚುತ್ತವೆ, ದೊಡ್ಡವರು ತುಂತುರಿಗೆ ಮುಖವೊಡ್ಡುತ್ತಾರೆ. ಮರಗಳಿಗೆ ಹೆಸರಿನ ಫಲಕವಿದೆ, ಅದು ಯಾವ ದೇಶದಿಂದ ಬಂದ ಮರ ಎಂಬ ವಿವರವೂ ಇದೆ. ನೀರಿಗೆ ಮಾತ್ರ ಫಲಕವಿಲ್ಲ.

ಆದರೆ ಈ ನಾಡಿನ ತೋಟಗಳ ಚರಿತ್ರೆಯಲ್ಲಿ ಗಿಡಕ್ಕಿಂತ ಮೊದಲು ಬರಬೇಕಾದದ್ದು ನೀರಿನ ಕಥೆಯೇ. ಇಲ್ಲಿನ ಒಳ್ಳೆಯ ಕಾರಂಜಿಗಳೆಲ್ಲ ಕೆರೆಯನ್ನೋ ಬಾವಿಯನ್ನೋ ಅಣೆಕಟ್ಟನ್ನೋ ನಂಬಿ ಹುಟ್ಟಿದವು. ಊರಿಗೆ ಹೊಲಕ್ಕೆ ಹರಿದ ನೀರು ಕೊನೆಗೊಮ್ಮೆ ಆಟಕ್ಕೂ ಸಿಕ್ಕಿತು.

ಲಾಲ್‌ಬಾಗಿನಿಂದಲೇ ಆರಂಭಿಸಬಹುದು. 1760ರಲ್ಲಿ ಹೈದರಾಲಿ ಇಲ್ಲಿ ತೋಟ ಹಾಕಿಸಿದಾಗ ಅದರ ವಿಸ್ತಾರ ಸುಮಾರು 40 ಎಕರೆ. ಅವನ ಕಣ್ಣಮುಂದೆ ಇದ್ದದ್ದು ಸಿರಾದ ಮೊಗಲ್ ತೋಟ. 1687ರಿಂದ ಮೊಗಲರ ಸುಬಾದ ಕೇಂದ್ರವಾಗಿದ್ದ ಸಿರಾ ಇಂದಿಗೂ ಮಳೆ ಕಡಿಮೆಯ ಸೀಮೆ. ಅಂಥ ಒಣನೆಲದಲ್ಲೂ ಚೌಕಚೌಕವಾಗಿ ತೋಟ ಮಾಡಿ ತೋರಿಸಿದ್ದ ಸುಬೇದಾರರ ಶೈಲಿ ಹೈದರನಿಗೆ ಹಿಡಿಸಿತು. ಮಗ ಟಿಪ್ಪು ಲಾಲ್‌ಬಾಗನ್ನು ಬೆಳೆಸಿದ, ಹೊರದೇಶಗಳಿಂದ ಬೀಜ, ಸಸಿ ತರಿಸಿದ. ಅದೇ ಕಾಲಕ್ಕೆ, 1784ರಲ್ಲಿ, ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್ ಎದ್ದಿತು. ಅಲ್ಲಿ ಕಾವೇರಿ ಪಕ್ಕದಲ್ಲೇ ಹರಿಯುತ್ತಿದ್ದಳು, ನೀರಿನ ಚಿಂತೆ ಇರಲಿಲ್ಲ. ಬೆಂಗಳೂರಿಗೆ ಅಂಥ ದೊಡ್ಡ ನದಿಯಿಲ್ಲ.

ಆ ಕೊರತೆಯನ್ನು ಕಂಡು ಬರೆದಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ಮೈಸೂರು ಸೀಮೆಯನ್ನು ಸುತ್ತಿದ ಈ ವೈದ್ಯ ಬೆಂಗಳೂರಿನ ತೋಟಗಳನ್ನೂ ನೋಡಿದ. ಸಿಪ್ರಸ್ ಮರಗಳ ಸಾಲು, ನಡುವೆ ಕಾಲುದಾರಿ, ಒಂದು ಚೌಕದಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ. ಎಲ್ಲವನ್ನೂ ಗಮನಿಸಿದವನು ನೀರಿನ ಅಭಾವವೇ ಇವುಗಳ ಮುಖ್ಯ ಕುಂದು ಎಂದು ಗುರುತಿಸಿದ. ಟಿಪ್ಪುವಿನ ತೋಟಕ್ಕೆ ನೀರು ಬರುತ್ತಿದ್ದದ್ದು ಮೂರು ಬಾವಿಗಳಿಂದ, ಅದನ್ನು ಎತ್ತುತ್ತಿದ್ದದ್ದು ಕಪಿಲೆ. ತೊಗಲಿನ ಬಾನಿ, ಗಾಲಿಯ ಮೇಲೆ ಹಾದ ಹಗ್ಗ, ಇಳಿಜಾರಿನಲ್ಲಿ ಇಳಿಯುವ ಜೋಡಿ ಎತ್ತು. ಏತಕ್ಕಿಂತ ಕಪಿಲೆಯೇ ವಾಸಿ ಎಂದು ತೋಟದ ಆಳುಗಳು ಹೇಳಿದ್ದನ್ನೂ ಬುಕಾನನ್ ಬಿಡದೆ ದಾಖಲಿಸಿದ್ದಾನೆ. ಆ ಆಳುಗಳ ಹೆಸರು ನಮಗೆ ಸಿಕ್ಕಿಲ್ಲ, ಅವರ ತೀರ್ಮಾನ ಮಾತ್ರ ಉಳಿದಿದೆ. ಇವತ್ತು 240 ಎಕರೆಗೆ ಹಬ್ಬಿರುವ ಲಾಲ್‌ಬಾಗಿನ ಹಳೆಯ ಹಸಿರಿನ ಒಂದು ಪಾಲು ಎತ್ತಿನ ಹೆಜ್ಜೆಯ ಲೆಕ್ಕದಲ್ಲಿ ಬೆಳೆದದ್ದು.

ಉತ್ತರದ ವಿಜಯಪುರದಲ್ಲಿ ಇದಕ್ಕೂ ಮೊದಲೇ ನೀರಿನ ವಿದ್ಯೆ ಬೇರೊಂದು ಎತ್ತರ ಮುಟ್ಟಿತ್ತು. ಆದಿಲ್‌ಶಾಹಿ ಅರಸರು ಪಶ್ಚಿಮದ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಬೇಗಂ ತಲಾಬ್ ಕಟ್ಟಿ, ಗಾರೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ಅಲ್ಲಿಂದಲೂ ಊರಿಗೆ ನೀರು ಹರಿಸಿದರು. ದಾರಿಯುದ್ದಕ್ಕೂ ಗಂಜ್ ಎಂಬ ಚೌಕಾಕಾರದ ಕಲ್ಲಿನ ಗೋಪುರಗಳು. ಕೊಳವೆಯ ನೀರು ಗಂಜಿನಲ್ಲಿ ಮೇಲೇರಿ, ತನ್ನ ಒತ್ತಡ ಕಳೆದುಕೊಂಡು, ಹೂಳನ್ನು ಕೆಳಗೆ ಬಿಟ್ಟು ಮುಂದೆ ಹೋಗಬೇಕು. ಹಾಗಾಗದಿದ್ದರೆ ಮಣ್ಣಿನ ಕೊಳವೆ ಒಡೆದುಹೋಗುತ್ತದೆ. ಇಬ್ರಾಹಿಂ ರೋಜಾದಲ್ಲಿ ಸಮಾಧಿಗೂ ಮಸೀದಿಗೂ ನಡುವೆ ಇರುವ ಕೊಳ ಮತ್ತು ಕಾರಂಜಿಯನ್ನು ನೋಡುವಾಗ ಈ ಇಡೀ ಏರ್ಪಾಡನ್ನು ನೆನಪಿಗೆ ತಂದುಕೊಳ್ಳಬೇಕು. ಕಾರಂಜಿಯ ಬಾಯಿ ಬೆರಳಷ್ಟೇ ಅಗಲವಿರಬಹುದು. ಅದರ ಹಿಂದೆ ಮೈಲುಗಟ್ಟಲೆ ನೆಲ ಅಗೆದ ದುಡಿಮೆ ಇದೆ.

ನೀರನ್ನು ಶುದ್ಧ ಆಟದ ವಸ್ತುವಾಗಿ ಕಂಡ ಜಾಗ ಬೇಕಿದ್ದರೆ ಕುಮಟಗಿಗೆ ಹೋಗಬೇಕು. ವಿಜಯಪುರದ ಪೂರ್ವಕ್ಕೆ, ಕೆರೆಯ ದಂಡೆಯಲ್ಲಿ, ಅರಸರು ಬೇಸಗೆಯ ಬಿಡಾರ ಮಾಡಿಕೊಂಡಿದ್ದರು. ಕೆರೆಯ ನೀರನ್ನು ಎತ್ತರದ ತೊಟ್ಟಿಗೆ ಏರಿಸಿ, ಗೋಡೆಯೊಳಗಿನ ಕೊಳವೆಗಳ ಮೂಲಕ ಮಂಟಪಗಳಿಗೆ ಇಳಿಸಿ, ಚಾವಣಿಯಿಂದ ಮಳೆಯಂತೆ ಸುರಿಸುತ್ತಿದ್ದರು. ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರ, ಕುಸ್ತಿಪಟುಗಳ ಚಿತ್ರಗಳು. ಬಣ್ಣ ಬಹುಪಾಲು ಮಾಸಿದೆ. ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ನೋಡಿ ಹಿಂತಿರುಗುತ್ತಾರೆ, ಕುಮಟಗಿಯ ದಾರಿ ಹಿಡಿಯುವವರು ಕಡಿಮೆ. ಕರ್ನಾಟಕದ ಉದ್ಯಾನ ಕಲೆಯ ಚರಿತ್ರೆಯಲ್ಲಿ ಈ ಪುಟ್ಟ ಊರಿಗೆ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ.

ಅರಸರ ಜಲಕ್ರೀಡೆಯ ಆಸೆ ಇನ್ನೂ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ ರಾಜನ ವಿನೋದಗಳಲ್ಲಿ ವನಕ್ರೀಡೆಗೂ ಜಲಕ್ರೀಡೆಗೂ ಜಾಗ ಕೊಟ್ಟಿದೆ. ಹಂಪಿಯಲ್ಲಿ ಕಲ್ಲಿನ ಕಂಬಗಳ ಮೇಲೆ ಹಾದುಹೋಗುವ ಕಲ್ಲು ಕಾಲುವೆಯೂ, ಅದರ ಆಸುಪಾಸಿನ ಮೆಟ್ಟಿಲು ಕೊಳವೂ ಇಂದಿಗೂ ಕಣ್ಣಿಗೆ ಕಾಣುವ ಸಾಕ್ಷಿ.

ಈಗ ಗಾಜಿನಮನೆಗೆ ಹಿಂತಿರುಗೋಣ, ಏಕೆಂದರೆ ಅದರ ವಂಶದಲ್ಲೇ ಒಂದು ದೊಡ್ಡ ಕಾರಂಜಿಯಿದೆ. ಜಾನ್ ಕ್ಯಾಮೆರಾನ್ ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದಾಗ, 1889ರ ನವೆಂಬರ್ 30ರಂದು, ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನಮನೆಗೆ ಅಡಿಗಲ್ಲು ಇಟ್ಟ. ಎರಕದ ಕಬ್ಬಿಣದ ಭಾಗಗಳು ಗ್ಲಾಸ್ಗೋದಿಂದ ಹಡಗೇರಿ ಬಂದವು. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. 1851ರ ಮಹಾ ಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ರೂಪಿಸಿದ ಆ ಕಟ್ಟಡದ ನಟ್ಟನಡುವೆ 27 ಅಡಿ ಎತ್ತರದ, ನಾಲ್ಕು ಟನ್ ಗಾಜಿನ ಕಾರಂಜಿ ನಿಂತಿತ್ತು. ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿಯ ಕೆಲಸ. ಗುಂಪಿನಲ್ಲಿ ತಪ್ಪಿಸಿಕೊಂಡವರು ಬಂದು ಸೇರುವ ಗುರುತೂ ಅದೇ ಆಗಿತ್ತು.

ಪ್ರದರ್ಶನ ಮುಗಿದ ಮೇಲೆ ಕಟ್ಟಡವನ್ನು ಬಿಚ್ಚಿ ಸಿಡನ್‌ಹ್ಯಾಮಿನ ಗುಡ್ಡದ ಮೇಲೆ ಮತ್ತೆ ಕಟ್ಟಿದರು. ಪ್ಯಾಕ್ಸ್‌ಟನ್‌ಗೆ ಅಲ್ಲಿ ಫ್ರಾನ್ಸಿನ ವರ್ಸೈ ಅರಮನೆಯ ಕಾರಂಜಿಗಳನ್ನೂ ಮೀರಿಸುವ ಹಂಬಲ. ಸುಮಾರು 12,000 ಬಾಯಿಗಳಿಂದ ನೀರು ಚಿಮ್ಮಬೇಕು, ಅದೂ ಗುಡ್ಡದ ಮೇಲೆ. ಅದಕ್ಕಾಗಿ ಹಬೆಯಂತ್ರಗಳು ನೀರನ್ನು ಮೇಲಕ್ಕೆ ದೂಡಿದವು. ಎಂಜಿನಿಯರ್ ಬ್ರೂನೆಲ್ ಕಟ್ಟಡದ ಎರಡು ತುದಿಗೆ 280 ಅಡಿಗೂ ಮಿಕ್ಕ ಎತ್ತರದ ಎರಡು ನೀರಿನ ಗೋಪುರಗಳನ್ನು ನಿಲ್ಲಿಸಿದ. 1856ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಎಲ್ಲ ಕಾರಂಜಿಗಳೂ ಚಿಮ್ಮಿದವು, ಲಂಡನ್ ಬೆರಗಾಯಿತು. ಆದರೆ ಆ ಖರ್ಚು ತಡೆಯುವಂಥದ್ದಾಗಿರಲಿಲ್ಲ. ದೊಡ್ಡ ಕಾರಂಜಿಗಳು ಒಂದೊಂದಾಗಿ ನಿಂತವು. ಒಂದು ಕಾರಂಜಿಯ ಹೊಂಡದ ಜಾಗ ಕಾಲ್ಚೆಂಡಿನ ಮೈದಾನವಾಯಿತು, 1895ರಿಂದ 1914ರವರೆಗೆ ಎಫ್.ಎ. ಕಪ್ ಅಂತಿಮ ಪಂದ್ಯಗಳು ಅಲ್ಲೇ ನಡೆದವು. ಅರಮನೆಯೇ 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ಬೆಂಗಳೂರಿನ ಕಿರಿಯ ಗಾಜಿನಮನೆ ಮಾತ್ರ ಗಟ್ಟಿಯಾಗಿ ನಿಂತಿದೆ. 1912ರಲ್ಲಿ ಆರಂಭವಾದ ಮೈಸೂರು ಉದ್ಯಾನಕಲಾ ಸಂಘ ತೋಟಗಾರಿಕೆ ಇಲಾಖೆಯ ಜೊತೆ ಸೇರಿ ಇಂದಿಗೂ ಅದರಲ್ಲೇ ಫಲಪುಷ್ಪ ಪ್ರದರ್ಶನ ನಡೆಸುತ್ತದೆ.

ಸಿಡನ್‌ಹ್ಯಾಮ್ ಎಡವಿದ ಜಾಗದಲ್ಲಿ ಮೈಸೂರು ಗೆದ್ದಿತು ಎನ್ನಲು ಹಿಂಜರಿಯಬೇಕಿಲ್ಲ. ಇಲ್ಲಿ ಕಾರಂಜಿಗಾಗಿ ಗೋಪುರ ಕಟ್ಟಲಿಲ್ಲ, ಹೊಲಕ್ಕಾಗಿ ಅಣೆಕಟ್ಟು ಕಟ್ಟಿದ ಮೇಲೆ ಅದರ ಬುಡದಲ್ಲಿ ಕಾರಂಜಿ ಇಟ್ಟರು.

ಆ ಕನ್ನಂಬಾಡಿ ಅಣೆಕಟ್ಟಿನ ಕೆಲಸ 1911ರಲ್ಲಿ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ. ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿ ಎಬ್ಬಿಸಿದ ಕಟ್ಟೆ 130 ಅಡಿ ಎತ್ತರ, ಎರಡೂವರೆ ಕಿಲೋಮೀಟರಿಗೂ ಉದ್ದ. ಕಟ್ಟೆ ಕೊನೆಯ ಹಂತಕ್ಕೆ ಬರುತ್ತಿದ್ದಾಗ, 1927ರಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಅದರ ಕೆಳಗಿನ ನೆಲಕ್ಕೆ ಕೈಹಾಕಿದರು. ಸಾಮಾನ್ಯವಾಗಿ ಅಣೆಕಟ್ಟಿನ ಕೆಳಗೆ ಉಳಿಯುವುದು ಜಲ್ಲಿ, ಮುರಿದ ಬಂಡಿ, ಅಗೆದುಬಿಟ್ಟ ಹಳ್ಳ. ಅಲ್ಲಿ ಕಾಶ್ಮೀರದ ಶಾಲಿಮಾರ್ ತೋಟದಂಥ ತೋಟ ಬರಬೇಕು ಎಂದು ಅವರು ಬಯಸಿದರು.

ವಿನ್ಯಾಸಕ್ಕೆ ನೆರವಾದವರು ಗುಸ್ತಾವ್ ಹರ್ಮನ್ ಕೃಂಬಿಗಲ್. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದು, ಬರೋಡಾದ ಮಹಾರಾಜರಲ್ಲಿದ್ದು, 1908ರಲ್ಲಿ ಲಾಲ್‌ಬಾಗಿಗೆ ಬಂದವರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಯೋಚಿಸಿ ಸಾಲುಮರ ನೆಡಿಸಿದವರೂ ಅವರೇ. 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

1932ರ ಹೊತ್ತಿಗೆ ಸಿದ್ಧವಾದ ಈ ಬೃಂದಾವನ ತೋಟದ ವಿಸ್ತಾರ 60 ಎಕರೆ. ಮೂರು ಹಂತದ ಅಂಗಳ, ಹಂತದಿಂದ ಹಂತಕ್ಕೆ ಇಳಿಯುವ ನೀರು, ನಡುನಡುವೆ ಚಿಮ್ಮುವ ಕಾರಂಜಿ, ಕಟ್ಟೆಯ ಬುಡದಲ್ಲಿ ಕಾವೇರಿ ಅಮ್ಮನ ವಿಗ್ರಹ. ಶಾಲಿಮಾರಿಗೆ ಬೆಟ್ಟದ ತೊರೆ ನೀರು ಕೊಡುತ್ತಿದ್ದ ಕಡೆ ಇಲ್ಲಿ ಮನುಷ್ಯರೇ ಕಟ್ಟಿದ ಜಲಾಶಯ ನಿಂತಿತು. ಮೊಗಲ್ ತೋಟಗಳಲ್ಲಿ ಬೀಳುವ ನೀರಿನ ಹಿಂದೆ ಸಾಲು ಗೂಡುಗಳನ್ನು ಕೊರೆದು ರಾತ್ರಿ ಹಣತೆ ಇಡುತ್ತಿದ್ದರು. ಆ ಬೆಳಕನ್ನು ಬೃಂದಾವನದಲ್ಲಿ ಬಣ್ಣದ ವಿದ್ಯುದ್ದೀಪಗಳು ಕೊಟ್ಟವು. ದೀಪದ ಹಿಂದೆಯೂ ಕಾವೇರಿಯೇ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಆದರೆ ಬೇಸಗೆಯಲ್ಲಿ ಹೊಳೆ ಸೊರಗಿದರೆ ಯಂತ್ರವೂ ಸೊರಗುತ್ತಿತ್ತು. ವರ್ಷವಿಡೀ ಅದಕ್ಕೆ ನೀರು ಸಿಗುವಂತೆ ಮಾಡುವುದು ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಹೀಗೆ ಒಂದೇ ನದಿ ಮಂಡ್ಯದ ಗದ್ದೆಗೆ ಇಳಿಯಿತು, ಗಣಿಯ ಯಂತ್ರ ತಿರುಗಿಸಿತು, ಸಂಜೆ ಹೊತ್ತು ಬಣ್ಣ ತೊಟ್ಟು ಕುಣಿಯಿತು. ಕನ್ನಡ, ತಮಿಳು, ತೆಲುಗು, ಹಿಂದಿಯ ಎಷ್ಟೋ ಚಿತ್ರಗಳ ಹಾಡಿಗೆ ಆ ಮೆಟ್ಟಿಲುಗಳು ಹಿನ್ನೆಲೆಯಾದವು. ಮೈಸೂರಿಗೆ ಹೊರಟ ಶಾಲಾ ಪ್ರವಾಸದ ಬಸ್ಸು ಸಂಜೆ ಬಂದು ನಿಲ್ಲುವುದೂ ಅಲ್ಲೇ.

ಕಾರಂಜಿಗೂ ಅದರ ನೀರಿನ ಮೂಲಕ್ಕೂ ಇದ್ದ ಈ ಸಂಬಂಧವನ್ನು ಕಡಿದದ್ದು ಸಣ್ಣ ವಿದ್ಯುತ್ ಪಂಪು. ತೊಟ್ಟಿಗೆ ನೀರು ತುಂಬಿ ಗುಂಡಿ ಒತ್ತಿದರೆ ಯಾವ ಮೂಲೆಯಲ್ಲೂ ಕಾರಂಜಿ ಚಿಮ್ಮುತ್ತದೆ. ಅದೇ ನೀರು ಸುತ್ತಿ ಸುತ್ತಿ ಬರುತ್ತದೆ, ಹಾಗಾಗಿ ಪೋಲು ಕಡಿಮೆ. ಆ ಮಟ್ಟಿಗೆ ಒಳ್ಳೆಯದೇ. ಹತ್ತು ದಿನದ ಪ್ರದರ್ಶನಕ್ಕೆ ಬೇರೆ ದಾರಿಯೂ ಇಲ್ಲ. ಆದರೆ ನೀರು ಎಲ್ಲಿಂದಲೋ ತಾನಾಗಿ ಬರುತ್ತದೆ ಎಂಬ ನಂಬಿಕೆಯನ್ನು ಈ ಕಾರಂಜಿಗಳು ಬಿತ್ತುತ್ತವೆ. 2024ರ ಮಾರ್ಚಿನಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಬಡಾವಣೆಗಳು ಕಾದು ಕುಳಿತಾಗ, ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕೆಲಸಕ್ಕೆ, ಕಾರಂಜಿಗೆ ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ನಿಷೇಧದ ಪಟ್ಟಿಯಲ್ಲಿ ಕಾರಂಜಿಯ ಹೆಸರು ಬರೆಯಬೇಕಾಗಿ ಬಂದದ್ದು ಈ ಊರಿನ ತೋಟಗಳ ಚರಿತ್ರೆಯಲ್ಲಿ ನೋವಿನ ಸಾಲು.

ಆದ್ದರಿಂದ ತೋಟಗಾರಿಕೆ ಇಲಾಖೆಗೂ ಉದ್ಯಾನಕಲಾ ಸಂಘಕ್ಕೂ ಒಂದು ಬಿನ್ನಹ. ಮುಂದಿನ ಯಾವುದಾದರೂ ಪ್ರದರ್ಶನದ ವಿಷಯ ನೀರೇ ಆಗಲಿ. ಕುಮಟಗಿಯ ಮಳೆ ಸುರಿಸುವ ಮಂಟಪವನ್ನು ಹೂವಿನಲ್ಲಿ ಕಟ್ಟಿ, ವಿಜಯಪುರದ ಗಂಜನ್ನು ಸೀಳಿದಂತೆ ಮಾಡಿ ಒಳಗಿನ ಕೊಳವೆ ತೋರಿಸಿ. ಗಾಜಿನಮನೆಯ ಹೊರಗೆ, ಬುಕಾನನ್ ಕಂಡಂಥ ಒಂದು ಕಪಿಲೆಯನ್ನು ಬಾನಿ ಹಗ್ಗ ಸಮೇತ ನಿಲ್ಲಿಸಿ, ಅದನ್ನು ಹೊಡೆದು ಗೊತ್ತಿರುವ ಹಿರಿಯ ರೈತರು ಇನ್ನೂ ಇರುವಾಗಲೇ ಅವರನ್ನು ಕರೆಸಿ ಮಕ್ಕಳಿಗೆ ಹೇಳಿಸಿ. ಮತ್ತು ಲಾಲ್‌ಬಾಗಿನ ಪ್ರತಿ ಕಾರಂಜಿಯ ಪಕ್ಕದಲ್ಲೂ, ಮರಗಳಿಗೆ ಹಾಕಿದಂತೆ, ಈ ನೀರು ಎಲ್ಲಿಂದ ಬಂತು ಎಂದು ಬರೆದ ಒಂದು ಫಲಕ ಹಾಕಿ.